ಸರ್ಚ್ ಬಾಕ್ಸ್‌ನ ಗಡಿ ಎಲ್ಲಿದೆ?

ಬಸ್ ಟಿಕೆಟ್ ಕಾದಿರಿಸುವ ಜಾಲತಾಣ ತೆರೆದರೆ ಮೊದಲು ಕಣ್ಣಿಗೆ ಬೀಳುವುದು ‘ಎಲ್ಲಿಂದ’, ‘ಎಲ್ಲಿಗೆ’ ಎಂಬ ಎರಡು ಖಾಲಿ ಚೌಕಗಳು. ಎರಡಕ್ಷರ ಒತ್ತುವಷ್ಟರಲ್ಲಿ ಕೆಳಗೆ ಊರುಗಳ ಪಟ್ಟಿ ಇಳಿಯುತ್ತದೆ. ಬೇಕಾದ್ದನ್ನು ಮುಟ್ಟಿದರೆ ಕೆಲಸ ಆಯಿತು. ಬಳಸುವವರಿಗೆ ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದೇನೂ ಇಲ್ಲ. ಕಟ್ಟುವವರ ನಡುವೆ ಮಾತ್ರ ಈ ಚೌಕದ ಬಗ್ಗೆ ವಾದ ನಿಂತೇ ಇಲ್ಲ.

ಒಂದೇ ಜಾಲತಾಣದಲ್ಲಿ ಇಂಥ ಹುಡುಕುಪೆಟ್ಟಿಗೆಗಳು ಹತ್ತಾರು ಕಡೆ ಬೇಕಾಗುತ್ತವೆ: ಮುಖಪುಟದ ತಲೆಯಲ್ಲಿ, ವಿಳಾಸದ ಫಾರ್ಮ್‌ನಲ್ಲಿ, ಗ್ರಾಹಕರ ಪಟ್ಟಿಯಲ್ಲಿ, ದೂರು ದಾಖಲಿಸುವ ಪುಟದಲ್ಲಿ. ಪ್ರತಿ ಸಲ ಹೊಸದಾಗಿ ಬರೆಯುವ ಬದಲು ಒಮ್ಮೆ ಬರೆದು ಎಲ್ಲೆಡೆ ಬಳಸೋಣ ಎಂದು ಯಾವ ಡೆವಲಪರ್‌ಗಾದರೂ ಅನಿಸುವುದು ಸಹಜ. ತಕರಾರು ಶುರುವಾಗುವುದು ಅಲ್ಲಿಂದಲೇ. ಮರುಬಳಕೆಗೆಂದು ಕಟ್ಟಿದ ಆ ಒಂದು ತುಂಡು, ಅಂದರೆ ‘ಕಾಂಪೊನೆಂಟ್’, ಏನೇನನ್ನು ಹೊತ್ತುಕೊಳ್ಳಬೇಕು, ಏನನ್ನು ಪುಟಕ್ಕೆ, ಸರ್ವರಿಗೆ, ಬ್ರೌಸರಿಗೆ ಬಿಡಬೇಕು? ಇಪ್ಪತ್ತು ವರ್ಷಗಳಲ್ಲಿ ಹುಟ್ಟಿದ ಪಂಥಗಳೆಲ್ಲ ಈ ಗೆರೆಯನ್ನು ಒಂದೊಂದು ಕಡೆ ಎಳೆದಿವೆ.

ಪುಟಕ್ಕೊಂದೇ ಪೆಟ್ಟಿಗೆ ಇದ್ದ ಕಾಲ

ವೆಬ್‌ನ ಆರಂಭದಲ್ಲಿ ಫಾರ್ಮ್ ಎಂಬುದೇ ಇರಲಿಲ್ಲ. ಎಚ್‌ಟಿಎಂಎಲ್‌ನಲ್ಲಿದ್ದದ್ದು ‘ಇಸ್‌ಇಂಡೆಕ್ಸ್’ ಎಂಬ ಟ್ಯಾಗ್. ಅದನ್ನು ಪುಟದಲ್ಲಿ ಹಾಕಿದರೆ ಬ್ರೌಸರ್ ತಾನೇ ಒಂದು ಚೌಕ ತೋರಿಸುತ್ತಿತ್ತು. ಅದರಲ್ಲಿ ಬರೆದ ಪದಗಳು ಪ್ರಶ್ನಾರ್ಥಕ ಚಿಹ್ನೆಯ ನಂತರ ವಿಳಾಸಕ್ಕೆ ಅಂಟಿಕೊಂಡು ಸರ್ವರಿಗೆ ಹೋಗುತ್ತಿದ್ದವು. ಚೌಕ ಎಲ್ಲಿರಬೇಕು, ಹೇಗಿರಬೇಕು ಎಂಬುದರಲ್ಲಿ ಪುಟ ಬರೆದವರಿಗೆ ಹೆಚ್ಚು ಹಿಡಿತ ಇರಲಿಲ್ಲ. ನವೆಂಬರ್ 1995ರ ಎಚ್‌ಟಿಎಂಎಲ್ 2.0 ಮಾನಕದಲ್ಲಿ ಫಾರ್ಮ್‌ಗಳಿಗೆ ಅಧಿಕೃತ ಸ್ಥಾನ ಸಿಕ್ಕಿತು. 1997ರ ಎಚ್‌ಟಿಎಂಎಲ್ 4 ಇಸ್‌ಇಂಡೆಕ್ಸನ್ನು ಬಳಕೆ ತಪ್ಪಬೇಕಾದವುಗಳ ಪಟ್ಟಿಗೆ ಸೇರಿಸಿತು. ಅಲ್ಲಿಂದ ಹಲವು ವರ್ಷ ಹುಡುಕುಪೆಟ್ಟಿಗೆ ಎಂದರೆ ಒಂದು ಸಾದಾ ಪಠ್ಯದ ಚೌಕ, ಪಕ್ಕದಲ್ಲೊಂದು ಗುಂಡಿ, ಅಷ್ಟೇ.

2004ರಲ್ಲಿ ಎರಡು ಬೆಳವಣಿಗೆಗಳಾದವು. ಮ್ಯಾಕ್‌ನ ಡ್ಯಾಶ್‌ಬೋರ್ಡ್‌ಗಾಗಿ ದುಂಡನೆಯ ಅಂಚಿನ ಹುಡುಕುಪೆಟ್ಟಿಗೆ ಬೇಕಾಗಿ, ಆ್ಯಪಲ್ ತನ್ನ ಬ್ರೌಸರ್ ಎಂಜಿನ್ ವೆಬ್‌ಕಿಟ್‌ಗೆ ‘ಸರ್ಚ್’ ಎಂಬ ಹೊಸ ಬಗೆಯ ಇನ್‌ಪುಟ್ಟನ್ನು ಮಾನಕದ ಹೊರಗೇ ಸೇರಿಸಿಕೊಂಡಿತು. ಅದರ ಜೊತೆ ಬಂದ ‘ಪ್ಲೇಸ್‌ಹೋಲ್ಡರ್’, ಅಂದರೆ ಚೌಕದೊಳಗಿನ ಮಸುಕು ಸೂಚನೆ, ಮುಂದೆ ಎಲ್ಲ ಬ್ರೌಸರ್‌ಗಳಿಗೂ ಹಬ್ಬಿತು. 2014ರಲ್ಲಿ ಎಚ್‌ಟಿಎಂಎಲ್ 5 ಅಂತಿಮಗೊಂಡಾಗ ಎರಡೂ ಅದರ ಭಾಗವಾಗಿದ್ದವು.

ಇನ್ನೊಂದು ಬೆಳವಣಿಗೆ 2004ರ ಡಿಸೆಂಬರ್‌ನಲ್ಲಿ ಬಂದ ಗೂಗಲ್ ಸಜೆಸ್ಟ್. ಕೆವಿನ್ ಗಿಬ್ಸ್ ಎಂಬ ಎಂಜಿನಿಯರ್ ಕಂಪನಿ ಬಿಟ್ಟುಕೊಡುತ್ತಿದ್ದ ‘ಶೇ. 20ರ ಸಮಯ’ದಲ್ಲಿ ಮಾಡಿದ ಪ್ರಯೋಗ ಅದು. ಅಕ್ಷರ ಒತ್ತುತ್ತಿದ್ದಂತೆ ಪುಟ ಕದಲದೆಯೇ ಸಲಹೆಗಳು ಬರತೊಡಗಿದವು. ಇದಕ್ಕೆ ಬೇಕಾದ ತಂತ್ರ 1999ರ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರಲ್ಲೇ ಇತ್ತು. ವೆಬ್ ವಿನ್ಯಾಸಕ ಜೆಸ್ಸಿ ಜೇಮ್ಸ್ ಗ್ಯಾರೆಟ್ 2005ರ ಫೆಬ್ರುವರಿಯಲ್ಲಿ ಆ ತಂತ್ರಗಳ ಗುಂಪಿಗೆ ‘ಅಜಾಕ್ಸ್’ ಎಂದು ಹೆಸರಿಟ್ಟಾಗ ಕೊಟ್ಟ ಉದಾಹರಣೆಗಳಲ್ಲಿ ಗೂಗಲ್ ಸಜೆಸ್ಟ್ ಕೂಡ ಒಂದು. ಅಲ್ಲಿಂದ ಮುಂದೆ ಸಲಹೆ ಕೊಡದ ಹುಡುಕುಪೆಟ್ಟಿಗೆ ಅರ್ಧ ಮುಗಿದ ಕೆಲಸದಂತೆ ಕಾಣತೊಡಗಿತು.

ಮೊದಲ ಪಂಥ: ಬ್ರೌಸರ್ ಕೊಟ್ಟದ್ದೇ ಸಾಕು

ಬ್ರೌಸರಿಗೆ ಬರುವ ಕೆಲಸವನ್ನು ಜಾವಾಸ್ಕ್ರಿಪ್ಟ್‌ನಲ್ಲಿ ಮತ್ತೆ ಮಾಡಬೇಡಿ ಎನ್ನುವುದು ಈ ಪಂಥದ ಮಾತು. ಸರ್ಚ್ ಬಗೆಯ ಇನ್‌ಪುಟ್ಟನ್ನು ಸಾದಾ ‘ಗೆಟ್’ ಫಾರ್ಮ್‌ನಲ್ಲಿ ಇಟ್ಟರೆ ಹುಡುಕಿದ ಪದ ವಿಳಾಸಪಟ್ಟಿಯಲ್ಲೇ ಉಳಿಯುತ್ತದೆ. ಆ ಕೊಂಡಿಯನ್ನು ಇನ್ನೊಬ್ಬರಿಗೆ ಕಳಿಸಬಹುದು, ಹಿಂದಿನ ಪುಟದ ಗುಂಡಿ ಸರಿಯಾಗಿ ಕೆಲಸ ಮಾಡುತ್ತದೆ, ಸ್ಕ್ರಿಪ್ಟ್ ಲೋಡ್ ಆಗದಿದ್ದರೂ ಹುಡುಕಾಟ ನಡೆಯುತ್ತದೆ. ಕ್ರೋಮ್ ಮತ್ತು ಸಫಾರಿ ಅಳಿಸುವ ಗುಂಡಿಯನ್ನೂ ತಾವೇ ಕೊಡುತ್ತವೆ. ‘ಎಂಟರ್‌ಕೀಹಿಂಟ್’ ಎಂಬ ಒಂದು ಗುಣಲಕ್ಷಣ ಸೇರಿಸಿದರೆ ಮೊಬೈಲ್ ಕೀಬೋರ್ಡಿನ ಎಂಟರ್ ಜಾಗದಲ್ಲಿ ಹುಡುಕುವ ಗುರುತು ಬರುತ್ತದೆ. ಹುಡುಕಾಟದ ಭಾಗ ಇದು ಎಂದು, ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ತಿಳಿಸಲು 2023ರಲ್ಲಿ ‘ಸರ್ಚ್’ ಎಂಬ ಸ್ವತಂತ್ರ ಟ್ಯಾಗ್ ಕೂಡ ಎಚ್‌ಟಿಎಂಎಲ್ ಮಾನಕಕ್ಕೆ ಸೇರಿತು.

ಬ್ರಿಟನ್ನಿನ ಸರ್ಕಾರಿ ಡಿಜಿಟಲ್ ಸೇವಾ ತಂಡದ ‘ಆ್ಯಕ್ಸೆಸಿಬಲ್ ಆಟೊಕಂಪ್ಲೀಟ್’ ಈ ಚಿಂತನೆಗೆ ಒಳ್ಳೆಯ ಉದಾಹರಣೆ. ಪುಟದಲ್ಲಿ ಮೊದಲು ಇರುವುದು ನಿಜವಾದ ಡ್ರಾಪ್‌ಡೌನ್. ಸ್ಕ್ರಿಪ್ಟ್ ಬಂದರೆ ಅದು ಟೈಪ್ ಮಾಡುವ ಚೌಕವಾಗಿ ಬದಲಾಗುತ್ತದೆ, ಬಾರದಿದ್ದರೆ ಡ್ರಾಪ್‌ಡೌನ್ ಆಗಿಯೇ ಉಳಿಯುತ್ತದೆ. ಎರಡರಲ್ಲೂ ಫಾರ್ಮ್ ತುಂಬಬಹುದು.

ಈ ಪಂಥ ಎಡವುವುದು ಸಲಹೆಪಟ್ಟಿಯಲ್ಲಿ. ಬ್ರೌಸರಿನ ಸ್ವಂತ ‘ಡೇಟಾಲಿಸ್ಟ್’ಗೆ ಬಣ್ಣ, ಅಕ್ಷರದ ಗಾತ್ರ ಕೊಡಲಾಗದು. ಒತ್ತಿದ್ದಕ್ಕೂ ಪಟ್ಟಿಯಲ್ಲಿರುವುದಕ್ಕೂ ಹೊಂದಿಕೆ ನೋಡುವ ಕ್ರಮ ಒಂದೊಂದು ಬ್ರೌಸರ್‌ನಲ್ಲಿ ಒಂದೊಂದು ಥರ. ಊರಿನ ಹೆಸರಿನ ಕೆಳಗೆ ಜಿಲ್ಲೆಯನ್ನೂ ನಿಲ್ದಾಣದ ಹೆಸರನ್ನೂ ತಮಗೆ ಬೇಕಾದ ರೂಪದಲ್ಲಿ ಜೋಡಿಸಬೇಕು ಎನ್ನುವವರಿಗೆ ಅದರಿಂದ ಪ್ರಯೋಜನವಿಲ್ಲ.

ಎರಡನೆಯ ಪಂಥ: ಎಲ್ಲವೂ ಒಳಗೇ ಇರಲಿ

ಬ್ರೌಸರ್ ಬಿಟ್ಟ ಈ ಕೊರತೆಯನ್ನು ತುಂಬಲು ಲೈಬ್ರರಿಗಳು ಮುಂದೆ ಬಂದವು. 2005ರ ಸ್ಕ್ರಿಪ್ಟಾಕ್ಯುಲಸ್, 2010ರಲ್ಲಿ ಜೆಕ್ವೆರಿ ಯುಐಗೆ ಸೇರಿದ ಆಟೊಕಂಪ್ಲೀಟ್, 2013ರಲ್ಲಿ ಟ್ವಿಟರ್ ಬಿಡುಗಡೆ ಮಾಡಿದ ಟೈಪ್‌ಅಹೆಡ್, ಆಮೇಲೆ ಮೆಟೀರಿಯಲ್ ಯುಐ, ಆ್ಯಂಟ್ ಡಿಸೈನ್‌ನಂಥ ಸಂಗ್ರಹಗಳು ಇದೇ ಸಾಲಿನವು. ಚೌಕ, ಪಟ್ಟಿ, ಕೀಬೋರ್ಡ್ ನಡವಳಿಕೆ, ಬಣ್ಣ, ಕಾಯುವ ಅವಧಿ ಎಲ್ಲ ಒಂದೇ ಕಟ್ಟಿನಲ್ಲಿ. ಬಳಸುವ ಡೆವಲಪರ್ ಒಂದೆರಡು ಸಾಲು ಬರೆದರೆ ಸಾಕು. ಐವತ್ತು ಪುಟಗಳ ಜಾಲತಾಣದಲ್ಲಿ ಎಲ್ಲ ಹುಡುಕುಪೆಟ್ಟಿಗೆಗಳೂ ಒಂದೇ ಥರ ವರ್ತಿಸುವುದು ಸಣ್ಣ ಲಾಭವಲ್ಲ. ದೊಡ್ಡ ಕಂಪನಿಗಳು ಈ ದಾರಿ ಹಿಡಿಯುವುದು ಅದಕ್ಕೇ.

ತೊಂದರೆ ನಿಧಾನವಾಗಿ ಬೆಳೆಯುತ್ತದೆ. ಒಂದು ತಂಡಕ್ಕೆ ಎಡಬದಿಯಲ್ಲಿ ಚಿತ್ರ ಬೇಕು, ಇನ್ನೊಂದಕ್ಕೆ ಅಳಿಸುವ ಗುಂಡಿ ಬೇಡ, ಮತ್ತೊಂದಕ್ಕೆ ಪಟ್ಟಿಯ ಕೊನೆಯಲ್ಲಿ ‘ಹೊಸದನ್ನು ಸೇರಿಸಿ’ ಬೇಕು. ಪ್ರತಿಯೊಂದಕ್ಕೂ ಒಂದು ‘ಪ್ರಾಪ್’, ಅಂದರೆ ಹೊರಗಿನಿಂದ ಕೊಡುವ ಆಯ್ಕೆ, ಸೇರುತ್ತದೆ. ಎರಡು ವರ್ಷ ಕಳೆಯುವಷ್ಟರಲ್ಲಿ ನಲವತ್ತು ಪ್ರಾಪ್‌ಗಳಾಗಿ, ಯಾವುದರ ಜೊತೆ ಯಾವುದು ಹೊಂದುತ್ತದೆ ಎಂಬುದು ಬರೆದವರಿಗೂ ನೆನಪಿರುವುದಿಲ್ಲ. ಟೈಪ್‌ಅಹೆಡ್‌ಗೆ ಆದಂತೆ ಲೈಬ್ರರಿಯ ನಿರ್ವಹಣೆಯೇ ನಿಂತುಹೋದರೆ, ಅದನ್ನು ನಂಬಿದ ಪುಟಗಳೆಲ್ಲ ಹಳೆಯ ಕೋಡಿನಲ್ಲೇ ಉಳಿಯಬೇಕಾಗುತ್ತದೆ.

ಮೂರನೆಯ ಪಂಥ: ನಡವಳಿಕೆ ನಮ್ಮದು, ರೂಪ ನಿಮ್ಮದು

ಫೇಸ್‌ಬುಕ್ 2013ರಲ್ಲಿ ಪರದೆ ಕಟ್ಟುವ ತನ್ನ ಫ್ರೇಮ್‌ವರ್ಕ್ ರಿಯಾಕ್ಟನ್ನು ಮುಕ್ತ ತಂತ್ರಾಂಶವಾಗಿ ಬಿಟ್ಟ ಮೇಲೆ ಕಾಂಪೊನೆಂಟ್‌ಗಳ ಲೆಕ್ಕಾಚಾರವೇ ಬದಲಾಯಿತು. 2017ರಲ್ಲಿ, ಆಗ ಪೇಪ್ಯಾಲ್‌ನಲ್ಲಿದ್ದ ಕೆಂಟ್ ಸಿ. ಡಾಡ್ಸ್ ‘ಡೌನ್‌ಶಿಫ್ಟ್’ ಹೊರತಂದರು. ಅದಕ್ಕೆ ತನ್ನದೇ ಆದ ರೂಪ ಇಲ್ಲ. ಯಾವ ಸಾಲು ಆಯ್ಕೆಯಾಗಿದೆ, ಬಾಣದ ಕೀಲಿ ಒತ್ತಿದರೆ ಎಲ್ಲಿಗೆ ಹೋಗಬೇಕು, ಪಟ್ಟಿ ಯಾವಾಗ ಮುಚ್ಚಬೇಕು ಎಂಬುದನ್ನಷ್ಟೇ ಅದು ನೋಡಿಕೊಳ್ಳುತ್ತದೆ. ಚೌಕ ಹೇಗೆ ಕಾಣಬೇಕೆಂಬುದು ಬಳಸುವವರಿಗೆ ಬಿಟ್ಟದ್ದು. ಅಡೋಬಿಯ ರಿಯಾಕ್ಟ್ ಏರಿಯಾ, ಟೇಲ್‌ವಿಂಡ್ ತಂಡದ ಹೆಡ್‌ಲೆಸ್ ಯುಐ ಇದೇ ಹಾದಿ ತುಳಿದವು.

2023ರಲ್ಲಿ ಬಂದ ಶಾಡ್‌ಸಿಎನ್ ಯುಐ ಇದನ್ನು ಇನ್ನೂ ಮುಂದಕ್ಕೆ ಒಯ್ದಿತು. ಅಲ್ಲಿ ಕಾಂಪೊನೆಂಟನ್ನು ಪ್ಯಾಕೇಜ್ ಆಗಿ ತರಿಸಿಕೊಳ್ಳುವುದಿಲ್ಲ, ಅದರ ಕೋಡನ್ನೇ ನಕಲು ಮಾಡಿ ತಮ್ಮ ಕಡತಗಳಲ್ಲಿ ಇಟ್ಟುಕೊಳ್ಳುತ್ತಾರೆ. ಬೇಕಾದಂತೆ ತಿದ್ದುವ ಸ್ವಾತಂತ್ರ್ಯ ಪೂರ್ತಿ ಸಿಗುತ್ತದೆ. ಆದರೆ ಮೂಲದಲ್ಲಿ ಒಂದು ದೋಷ ಸರಿಪಡಿಸಿದರೆ ಅದು ನಕಲುಗಳಿಗೆ ತಾನಾಗಿ ಬರುವುದಿಲ್ಲ. ಮರುಬಳಕೆ ಎಂದರೆ ಒಂದೇ ಪ್ರತಿಯನ್ನು ಹಂಚಿಕೊಳ್ಳುವುದೋ ಒಂದೇ ಮಾದರಿಯಿಂದ ಶುರುಮಾಡುವುದೋ ಎಂಬ ಪ್ರಶ್ನೆಯನ್ನು ಇದು ಹೊಸದಾಗಿ ಎಬ್ಬಿಸಿದೆ.

ನಾಲ್ಕನೆಯ ಪಂಥ: ಹೊಸ ಟ್ಯಾಗನ್ನೇ ಕಟ್ಟೋಣ

ರಿಯಾಕ್ಟ್‌ಗೆ ಬರೆದದ್ದು ವ್ಯೂ ಎಂಬ ಇನ್ನೊಂದು ಫ್ರೇಮ್‌ವರ್ಕ್‌ಗೆ ಹೊಂದುವುದಿಲ್ಲ, ವ್ಯೂಗೆ ಬರೆದದ್ದು ಆ್ಯಂಗ್ಯುಲರ್‌ಗೆ ಹೊಂದುವುದಿಲ್ಲ. ನಾಲ್ಕನೆಯ ಪಂಥ ಹಿಡಿದದ್ದು ಈ ಎಳೆಯನ್ನು. ಬ್ರೌಸರಿಗೇ ಅರ್ಥವಾಗುವ ಹೊಸ ಟ್ಯಾಗ್ ಬರೆದರೆ ಅದು ಯಾವ ಫ್ರೇಮ್‌ವರ್ಕ್‌ನಲ್ಲಾದರೂ ನಡೆಯುತ್ತದೆ. ಗಿಟ್‌ಹಬ್‌ನ ‘ಆಟೊಕಂಪ್ಲೀಟ್ ಎಲಿಮೆಂಟ್’ ಹಾಗೆ ಹುಟ್ಟಿದ್ದು.

ಬಹಳ ಕಾಲ ಈ ದಾರಿಗೆ ಅಡ್ಡ ನಿಂತದ್ದು ಫಾರ್ಮ್. ಹೊಸ ಟ್ಯಾಗಿನೊಳಗೆ ಬರೆದದ್ದನ್ನು ಫಾರ್ಮ್ ತನ್ನದೆಂದು ಒಪ್ಪಿಕೊಳ್ಳುತ್ತಿರಲಿಲ್ಲ, ಸಲ್ಲಿಸುವಾಗ ಅದರ ಮೌಲ್ಯ ಬಿಟ್ಟುಹೋಗುತ್ತಿತ್ತು. ಇದಕ್ಕೆ ಪರಿಹಾರವಾದ ‘ಎಲಿಮೆಂಟ್ ಇಂಟರ್ನಲ್ಸ್’ 2019ರಲ್ಲಿ ಕ್ರೋಮ್‌ಗೆ ಬಂದರೂ ಸಫಾರಿಗೆ ತಲುಪಿದ್ದು 2023ರ ಮಾರ್ಚ್‌ನಲ್ಲಿ. ಇನ್ನೊಂದು ಅಡ್ಡಿ ಹಾಗೇ ಇದೆ. ಶ್ಯಾಡೋ ಡಾಮ್ ಎಂಬ ಮರೆಯೊಳಗಿನ ಚೌಕ, ಮರೆಯ ಹೊರಗಿನ ಪಟ್ಟಿಯನ್ನು ಐಡಿ ಮೂಲಕ ತೋರಿಸಲಾರದು. ಸ್ಕ್ರೀನ್ ರೀಡರ್‌ಗೆ ಎರಡರ ನಂಟನ್ನು ತಿಳಿಸುವುದೇ ಆ ಐಡಿ.

ಎಂಟರ್ ಕೀಲಿ ಯಾರದು?

ಪಂಥ ಯಾವುದಾದರೂ ಕೆಲವು ಸಮಸ್ಯೆಗಳು ಎಲ್ಲರಿಗೂ ಎದುರಾಗುತ್ತವೆ. ಅವುಗಳಲ್ಲಿ ಮೊದಲನೆಯದು ಎಂಟರ್ ಕೀಲಿ. ಉದ್ಯೋಗದ ಅರ್ಜಿಯೊಂದರಲ್ಲಿ ‘ಊರು’ ಎಂಬ ಹುಡುಕುಪೆಟ್ಟಿಗೆ ಇದೆ ಎಂದುಕೊಳ್ಳಿ. ಅಭ್ಯರ್ಥಿ ಪಟ್ಟಿಯಿಂದ ಊರನ್ನು ಆರಿಸಲು ಎಂಟರ್ ಒತ್ತುತ್ತಾರೆ. ಕಾಂಪೊನೆಂಟ್ ಅದನ್ನು ತಡೆಯದಿದ್ದರೆ ಅರ್ಧ ತುಂಬಿದ ಇಡೀ ಅರ್ಜಿಯೇ ಸಲ್ಲಿಕೆಯಾಗುತ್ತದೆ. ಹುಡುಕುಪೆಟ್ಟಿಗೆಗೆ ಬೇರೆ ಫಾರ್ಮ್ ಕೊಟ್ಟು ಪಾರಾಗೋಣವೆಂದರೆ ಫಾರ್ಮ್‌ನೊಳಗೆ ಫಾರ್ಮ್ ಇಡುವುದನ್ನು ಎಚ್‌ಟಿಎಂಎಲ್ ಒಪ್ಪುವುದಿಲ್ಲ. ಅಳಿಸುವ ಗುಂಡಿಯದೂ ಇದೇ ಕಥೆ: ಫಾರ್ಮ್‌ನೊಳಗಿನ ಗುಂಡಿಗೆ ಬಗೆ ಸೂಚಿಸದಿದ್ದರೆ ಅದು ಸಲ್ಲಿಸುವ ಗುಂಡಿ ಎಂದೇ ಬ್ರೌಸರ್ ತಿಳಿಯುತ್ತದೆ. ಆದ್ದರಿಂದ ಮುಖಪುಟದ ತಲೆಯಲ್ಲಿ ಎಂಟರ್ ಎಂದರೆ ‘ಹುಡುಕು’, ಅರ್ಜಿಯೊಳಗೆ ಎಂಟರ್ ಎಂದರೆ ‘ಆರಿಸು’. ಒಂದೇ ಕಾಂಪೊನೆಂಟ್ ಎರಡನ್ನೂ ನಿಭಾಯಿಸಬೇಕೋ, ಎರಡು ಬೇರೆ ಕಾಂಪೊನೆಂಟ್ ಇರಬೇಕೋ ಎಂಬಲ್ಲಿ ಇಂದಿಗೂ ಒಮ್ಮತವಿಲ್ಲ.

ಎಷ್ಟು ಕಾಯಬೇಕು, ಯಾರು ಕಾಯಬೇಕು?

‘ಮಂಗಳೂರು’ ಎಂದು ಬರೆಯಲು ಯೂನಿಕೋಡ್ ಲೆಕ್ಕದಲ್ಲಿ ಏಳು ಸಂಕೇತ ಬೇಕು. ಪ್ರತಿ ಒತ್ತಿಗೂ ಸರ್ವರನ್ನು ಕೇಳಿದರೆ ಏಳು ಕೋರಿಕೆಗಳು. ಹಾಗಾಗಿ ಬೆರಳು ನಿಲ್ಲುವವರೆಗೆ ಕಾದು ಕೇಳುವ ‘ಡಿಬೌನ್ಸ್’ ರೂಢಿಗೆ ಬಂತು. ಜೆಕ್ವೆರಿ ಯುಐ ಇದಕ್ಕೆ 300 ಮಿಲಿಸೆಕೆಂಡ್ ಇಟ್ಟಿತ್ತು. ಇಂದಿಗೂ ಅನೇಕರು ಅದೇ ಆಸುಪಾಸಿನ ಸಂಖ್ಯೆ ಇಡುತ್ತಾರೆ. ಅತ್ತ ಬಳಕೆಸ್ನೇಹಿ ವಿನ್ಯಾಸದ ತಜ್ಞ ಯಾಕೊಬ್ ನೀಲ್ಸನ್ 1993ರಲ್ಲಿ ಮುಂದಿಟ್ಟ ಮಿತಿಯ ಪ್ರಕಾರ 0.1 ಸೆಕೆಂಡಿನೊಳಗೆ ಆದದ್ದು ಮಾತ್ರ ತಕ್ಷಣ ಆದಂತೆ ಅನಿಸುತ್ತದೆ. ಸರ್ವರಿನ ಹೊರೆ ಇಳಿಸಬೇಕು ಎನ್ನುವವರೂ ಚುರುಕಾಗಿ ಕಾಣಬೇಕು ಎನ್ನುವವರೂ ಇಲ್ಲಿ ಹಗ್ಗ ಜಗ್ಗುತ್ತಿದ್ದಾರೆ.

ಕಾಯುವ ಕೆಲಸವನ್ನು ಕಾಂಪೊನೆಂಟ್‌ನೊಳಗೆ ಅಡಗಿಸಬೇಕೆ, ಪುಟಕ್ಕೆ ಬಿಡಬೇಕೆ ಎಂಬುದು ಇದರ ಮುಂದುವರಿಕೆ. ಒಳಗಿಡುವವರು ಒಂದು ಎಚ್ಚರ ವಹಿಸಲೇಬೇಕು. ಚೌಕದಲ್ಲಿ ಕಾಣುವ ಅಕ್ಷರ ಆ ಕ್ಷಣವೇ ಮೂಡಬೇಕು, ತಡವಾಗಬೇಕಾದ್ದು ಹೊರಗೆ ತಿಳಿಸುವ ಸುದ್ದಿ ಮಾತ್ರ. ರಿಯಾಕ್ಟ್‌ನಲ್ಲಿ ಮೌಲ್ಯದ ಹಿಡಿತವನ್ನು ಹೊರಗಿನ ಕಾಂಪೊನೆಂಟ್‌ಗೆ ಕೊಟ್ಟು ಅದಕ್ಕೆ ಸುದ್ದಿಯನ್ನೂ ತಡವಾಗಿ ಕಳಿಸಿದರೆ, ಒತ್ತಿದ ಅಕ್ಷರಗಳು ಚೌಕದಲ್ಲಿ ನಿಲ್ಲದೆ ಮಾಯವಾಗುತ್ತವೆ.

ಡಿಬೌನ್ಸ್ ಇದ್ದರೂ ಉಳಿಯುವ ಅಪಾಯ ಇನ್ನೊಂದಿದೆ. ‘ಮಂ’ ಎಂದಾಗ ಹೋದ ಕೋರಿಕೆಗೆ ಮಂಡ್ಯ, ಮಂಗಳೂರು, ಮಂತ್ರಾಲಯ ಉತ್ತರ. ‘ಮಂಗ’ ಎಂದಾಗ ಹೋದದ್ದಕ್ಕೆ ಮಂಗಳೂರು ಮಾತ್ರ. ನೆಟ್‌ವರ್ಕ್ ನಿಧಾನವಾಗಿ ಮೊದಲ ಉತ್ತರ ಎರಡನೆಯದರ ನಂತರ ಬಂದರೆ ಪಟ್ಟಿಯ ತಲೆಯಲ್ಲಿ ಮತ್ತೆ ಮಂಡ್ಯ ಕೂರುತ್ತದೆ, ಮೊದಲ ಸಾಲನ್ನು ಆರಿಸಿದ ಪ್ರಯಾಣಿಕರ ಟಿಕೆಟ್ ಮಂಡ್ಯಕ್ಕಾಗುತ್ತದೆ. 2017–18ರಲ್ಲಿ ಬ್ರೌಸರ್‌ಗಳಿಗೆ ಬಂದ ‘ಅಬಾರ್ಟ್ ಕಂಟ್ರೋಲರ್’ ಹಳೆಯ ಕೋರಿಕೆಯನ್ನು ರದ್ದು ಮಾಡಬಲ್ಲದು. ಆದರೆ ಕೋರಿಕೆ ಕಳಿಸಿದವರೇ ಅದನ್ನು ರದ್ದು ಮಾಡಬೇಕಾದ್ದರಿಂದ, ಸರ್ವರಿನ ಜೊತೆ ಮಾತಾಡುವ ಹೊಣೆ ಯಾರದೆಂಬ ಪ್ರಶ್ನೆಗೇ ಮತ್ತೆ ಬಂದು ನಿಲ್ಲುತ್ತೇವೆ.

ಕೇಳಿಸಿಕೊಂಡು ಬಳಸುವವರು

ಪಟ್ಟಿ ಕೆಳಗಿಳಿದದ್ದು ಕಾಣುವವರಿಗೆ ತಾನಾಗಿ ತಿಳಿಯುತ್ತದೆ. ಸ್ಕ್ರೀನ್ ರೀಡರ್ ಬಳಸುವವರಿಗೆ ಹೇಳಿದರೆ ಮಾತ್ರ ತಿಳಿಯುವುದು. 2018ರ ವೆಬ್ ಸುಗಮ್ಯತಾ ಮಾರ್ಗಸೂಚಿ ಡಬ್ಲ್ಯುಸಿಎಜಿ 2.1 ಇಂಥ ಸ್ಥಿತಿ ಬದಲಾವಣೆಗಳನ್ನು ಗಮನ ಕದಲಿಸದೆ ತಿಳಿಸಬೇಕೆಂದು ವಿಧಿಸಿತು. ಹೇಗೆ ಎಂಬುದರಲ್ಲಿ ಮಾನಕವೇ ಓಲಾಡಿದೆ. ಪುಟದ ಯಾವ ಭಾಗ ಏನೆಂದು ಸ್ಕ್ರೀನ್ ರೀಡರ್‌ಗೆ ಸೂಚಿಸುವ ‘ಏರಿಯಾ’ ಮಾನಕದ 1.0ರಲ್ಲಿ, ಸಲಹೆಪಟ್ಟಿ ಇರುವ ಚೌಕದ ‘ಕಾಂಬೋಬಾಕ್ಸ್’ ಎಂಬ ಪಾತ್ರವನ್ನು ಇನ್‌ಪುಟ್ಟಿಗೇ ಕೊಡಬೇಕಿತ್ತು. 2017ರ 1.1 ಅದನ್ನು ಸುತ್ತಲಿನ ಹೊದಿಕೆಗೆ ವರ್ಗಾಯಿಸಿತು. ಆ ಕ್ರಮ ಬಳಕೆಯಲ್ಲಿ ಸರಿಬಾರದೆ 2023ರ 1.2 ಮತ್ತೆ ಇನ್‌ಪುಟ್ಟಿಗೇ ಮರಳಿಸಿತು. ಈ ಅವಧಿಯಲ್ಲಿ ಪ್ರಾಮಾಣಿಕವಾಗಿ ಮಾನಕ ಪಾಲಿಸಿದವರು ಒಂದೇ ಕಾಂಪೊನೆಂಟನ್ನು ಎರಡು ಸಲ ಬರೆಯಬೇಕಾಯಿತು. ಇದನ್ನೆಲ್ಲ ಒಂದೇ ಕಡೆ ಹೊತ್ತುಕೊಳ್ಳಬಲ್ಲ ಲೈಬ್ರರಿ ಬೇಕು ಎಂಬ ಮೂರನೆಯ ಪಂಥದ ವಾದಕ್ಕೆ ಬಲ ಬಂದದ್ದು ಇಂಥ ತಿರುವುಗಳಿಂದಲೇ.

ಕನ್ನಡದಲ್ಲಿ ಒತ್ತಿದಾಗ

ಮೇಲಿನ ಲೈಬ್ರರಿಗಳಲ್ಲಿ ಬಹುಪಾಲು ಇಂಗ್ಲಿಷ್ ಕೀಬೋರ್ಡನ್ನು ಮನಸ್ಸಿನಲ್ಲಿಟ್ಟುಕೊಂಡೇ ಬೆಳೆದವು. ‘ಕನಿಷ್ಠ ಮೂರು ಅಕ್ಷರ ಬಂದ ಮೇಲೆ ಹುಡುಕು’ ಎಂಬ ಸಾಮಾನ್ಯ ನಿಯಮವನ್ನೇ ನೋಡಿ. ಜಾವಾಸ್ಕ್ರಿಪ್ಟ್ ಎಣಿಸುವುದು ಸಂಕೇತಗಳನ್ನು. ‘ಗದಗ’ಕ್ಕೆ ಮೂರೇ ಸಂಕೇತ, ಆದ್ದರಿಂದ ಹೆಸರು ಪೂರ್ತಿ ಬರೆದು ಮುಗಿಸಿದ ಮೇಲೆ ಸಲಹೆ ಬರುತ್ತದೆ. ‘ಶ್ರೀರಂಗಪಟ್ಟಣ’ಕ್ಕೆ ಶ, ಹಲಂತ ಚಿಹ್ನೆ, ರ ಆಗುತ್ತಿದ್ದಂತೆ, ಅಂದರೆ ಮೊದಲ ಅಕ್ಷರವೇ ಪೂರ್ಣವಾಗುವ ಮುನ್ನ, ಹುಡುಕಾಟ ಶುರು. ‘ಕನ್ನಡ’ ಓದುವವರಿಗೆ ಮೂರಕ್ಷರ, ಜಾವಾಸ್ಕ್ರಿಪ್ಟಿಗೆ ಐದು.

ಒಂದೇ ರೀತಿ ಕಾಣುವ ಪದಗಳು ಒಳಗೆ ಬೇರೆಯಾಗಿರುವುದೂ ಉಂಟು. ‘ಕೋಲಾರ’ದ ‘ೋ’ ಒಂದೇ ಸಂಕೇತವಾಗಿರಬಹುದು, ಮೂರು ತುಂಡುಗಳಾಗಿಯೂ ಇರಬಹುದು. ಹೋಲಿಸುವ ಮುನ್ನ ಎರಡನ್ನೂ ಯೂನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ ತಂದರೆ ಇದು ಬಗೆಹರಿಯುತ್ತದೆ. ‘ರಾಜ್‌ಕುಮಾರ್’ ಎಂಬಲ್ಲಿ ಒತ್ತಕ್ಷರ ಆಗದಂತೆ ನಡುವೆ ಕೂತ, ಕಣ್ಣಿಗೆ ಕಾಣದ ಶೂನ್ಯ ಅಗಲದ ಸಂಕೇತ ಮಾತ್ರ ಎನ್‌ಎಫ್‌ಸಿ ಮಾಡಿದರೂ ಹೋಗುವುದಿಲ್ಲ. ಅದನ್ನು ಒತ್ತದೆ ಹುಡುಕಿದವರಿಗೆ ‘ಫಲಿತಾಂಶವಿಲ್ಲ’ ಎಂಬ ಉತ್ತರ ಬರಬಹುದು.

ಇದಕ್ಕಿಂತ ದೊಡ್ಡ ತೊಡಕು ಹೆಸರುಗಳದು. 2014ರ ನವೆಂಬರ್ 1ರಿಂದ ಕರ್ನಾಟಕದ 12 ನಗರಗಳ ಹೆಸರು ಅಧಿಕೃತವಾಗಿ ಬದಲಾದವು. ‘ಗುಲ್ಬರ್ಗಾ’ ಎಂದು ಒತ್ತಿದವರಿಗೆ ಸರ್ವರ್ ಜಾಣತನದಿಂದ ‘ಕಲಬುರಗಿ’ ಎಂದು ಕಳಿಸುತ್ತದೆ ಎನ್ನೋಣ. ಅನೇಕ ಸಿದ್ಧ ಕಾಂಪೊನೆಂಟ್‌ಗಳು ಬಂದ ಪಟ್ಟಿಯನ್ನು ಮತ್ತೊಮ್ಮೆ ತಾವೇ ಸೋಸುತ್ತವೆ. ಒತ್ತಿದ ಅಕ್ಷರಗಳು ಸಾಲಿನಲ್ಲಿಲ್ಲದ ಕಾರಣ ‘ಕಲಬುರಗಿ’ ಪರದೆಗೆ ಬರುವ ಮೊದಲೇ ಬಿದ್ದುಹೋಗುತ್ತದೆ. ಸರ್ವರಿನಲ್ಲಿ ಹುಡುಕುವವರು ಈ ಸೋಸುವಿಕೆಯನ್ನು ನಿಲ್ಲಿಸಬೇಕೆಂದು ಮೆಟೀರಿಯಲ್ ಯುಐ ತನ್ನ ಕೈಪಿಡಿಯಲ್ಲೇ ಹೇಳಿದೆ.

ಲಿಪ್ಯಂತರದ ಕೀಬೋರ್ಡ್‌ಗಳಲ್ಲೂ ಚೀನಿ, ಜಪಾನಿ ಭಾಷೆಗಳಲ್ಲೂ ಪದ ಇನ್ನೂ ರೂಪುಗೊಳ್ಳುತ್ತಿರುವ ಮಧ್ಯಂತರ ಸ್ಥಿತಿ ಇರುತ್ತದೆ. ಆಗ ಒತ್ತಿದ ಎಂಟರ್ ಪದವನ್ನು ಒಪ್ಪಿಕೊಳ್ಳಲೆಂದೇ ಹೊರತು ಹುಡುಕಲೆಂದಲ್ಲ. ಈ ಹಂತದ ಅರೆಬರೆ ಪಠ್ಯವನ್ನು ವ್ಯೂನ ‘ವಿ-ಮಾಡೆಲ್’ ಹೊರಗೆ ತಿಳಿಸುವುದಿಲ್ಲ, ರಿಯಾಕ್ಟ್ ತಿಳಿಸುತ್ತದೆ. ಎರಡು ಜನಪ್ರಿಯ ಫ್ರೇಮ್‌ವರ್ಕ್‌ಗಳು ಒಂದೇ ಪ್ರಶ್ನೆಗೆ ತದ್ವಿರುದ್ಧ ಉತ್ತರ ಕೊಟ್ಟಿವೆ.

ಇತ್ಯರ್ಥವಾಗದೆ ಉಳಿದವು

ಮೊದಲನೆಯದಾಗಿ, ಟೈಪ್ ಮಾಡಬಲ್ಲ ಸಲಹೆಪಟ್ಟಿಯನ್ನು ಬ್ರೌಸರೇ ಕೊಡುವುದೇ ಎಂಬುದು. ಪಟ್ಟಿಯನ್ನು ಮೇಲ್ಪದರದಲ್ಲಿ ತೋರಿಸುವ ‘ಪಾಪೋವರ್’ 2024ರ ಹೊತ್ತಿಗೆ ಪ್ರಮುಖ ಬ್ರೌಸರ್‌ಗಳಿಗೆಲ್ಲ ಬಂತು. ರೂಪ ಬದಲಿಸಬಹುದಾದ ಡ್ರಾಪ್‌ಡೌನ್ 2025ರಲ್ಲಿ ಕ್ರೋಮ್‌ಗೆ ಸೇರಿತು. ಎರಡೂ ಸೇರಿದರೂ ಕಾಂಬೋಬಾಕ್ಸ್ ಆಗುವುದಿಲ್ಲ. ಅದರ ಚರ್ಚೆ ಓಪನ್ ಯುಐ ಎಂಬ ಗುಂಪಿನಲ್ಲಿ ನಡೆದಿದೆ. ಅದು ಮಾನಕವಾದರೆ ಎರಡನೆಯ, ಮೂರನೆಯ ಪಂಥಗಳ ಅರ್ಧ ಕೆಲಸ ಮೊದಲನೆಯದರ ಪಾಲಿಗೆ ಹೋಗುತ್ತದೆ. ಶ್ಯಾಡೋ ಡಾಮ್‌ನ ಗಡಿ ದಾಟಿ ನಂಟು ಹೇಳುವ ಪ್ರಸ್ತಾವಕ್ಕೂ ಇನ್ನೂ ಅಂತಿಮ ಮುದ್ರೆ ಬಿದ್ದಿಲ್ಲ.

ಎರಡನೆಯದು ಅಕ್ಷರದ ಎಣಿಕೆ. ಒತ್ತಕ್ಷರವನ್ನು ಒಂದೇ ಘಟಕವಾಗಿ ಎಣಿಸುವ ನಿಯಮವನ್ನು ಯೂನಿಕೋಡ್ 2023ರ 15.1ನೇ ಆವೃತ್ತಿಯಲ್ಲಿ ದೇವನಾಗರಿ, ತೆಲುಗು, ಮಲಯಾಳಂ ಮೊದಲಾದ ಲಿಪಿಗಳಿಗೆ ತಂದಿತು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಆ ನಿಯಮದಂತೆ ಎಣಿಸುವ ಸಾಧನ ‘ಕನ್ನಡ’ವನ್ನು ನಾಲ್ಕು ತುಂಡು ಮಾಡುತ್ತದೆ. ಸಲಹೆ ಯಾವಾಗ ಶುರುವಾಗಬೇಕೆಂದು ನಿರ್ಧರಿಸಲು ಮೂರು, ನಾಲ್ಕು, ಐದರಲ್ಲಿ ಯಾವ ಎಣಿಕೆ ಹಿಡಿಯಬೇಕು ಎಂಬುದಕ್ಕೆ ಒಪ್ಪಿತ ಉತ್ತರವಿಲ್ಲ.

ಮೂರನೆಯದು ಖಾಸಗಿತನ. ಒತ್ತಿದಂತೆಲ್ಲ ಹುಡುಕುವ ಪೆಟ್ಟಿಗೆ, ಬರೆದು ಅಳಿಸಿದ್ದನ್ನೂ ಸರ್ವರಿಗೆ ಮುಟ್ಟಿಸುತ್ತದೆ. ಕಾಯಿಲೆಯ ಹೆಸರನ್ನು ಅರ್ಧ ಬರೆದು ಮನಸ್ಸು ಬದಲಿಸಿದವರು ಅದನ್ನು ‘ಕಳಿಸಿದರು’ ಎನ್ನಬಹುದೆ? ಭಾರತದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಸಮ್ಮತಿಯ ಮಾತಾಡುತ್ತದೆ. ಅರ್ಧ ಒತ್ತಿದ ಪದಕ್ಕೆ ಸಮ್ಮತಿ ಯಾವಾಗ ಸಿಕ್ಕಂತಾಯಿತು ಎಂಬುದನ್ನು ಕಾಂಪೊನೆಂಟ್ ಬರೆಯುವವರು ಸದ್ಯಕ್ಕೆ ತಮಗೆ ತೋಚಿದಂತೆ ತೀರ್ಮಾನಿಸುತ್ತಿದ್ದಾರೆ.

ಕೊನೆಯದು ಚೌಕದ ಆಕಾರದ್ದೇ. ಜನ ಈಗ ಎರಡು ಪದಗಳ ಬದಲು ಇಡೀ ಪ್ರಶ್ನೆಯನ್ನೇ ಬರೆಯತೊಡಗಿದ್ದಾರೆ. ಗೂಗಲ್ ತನ್ನ ಮುಖಪುಟದ ಹುಡುಕುಪೆಟ್ಟಿಗೆಗೆ ಒಂದು ಸಾಲಿನ ಇನ್‌ಪುಟ್ ಬಿಟ್ಟು, ಹಲವು ಸಾಲು ಹಿಡಿಸುವ ‘ಟೆಕ್ಸ್ಟ್‌ಏರಿಯಾ’ ಬಳಸತೊಡಗಿದೆ. ಹಾಗೆ ಮಾಡಿದವರಿಗೆ ಸರ್ಚ್ ಬಗೆಯ ಇನ್‌ಪುಟ್ ಉಚಿತವಾಗಿ ಕೊಡುತ್ತಿದ್ದ ಅಳಿಸುವ ಗುಂಡಿ ಸಿಗುವುದಿಲ್ಲ, ಎಂಟರ್ ಒತ್ತಿದರೆ ಹೊಸ ಸಾಲು ಬರದಂತೆ ತಾವೇ ತಡೆಯಬೇಕು. ಒಂದೆರಡು ಪದಗಳ ಹುಡುಕಾಟಕ್ಕೂ ಉದ್ದನೆಯ ಪ್ರಶ್ನೆಗೂ ಒಂದೇ ಕಾಂಪೊನೆಂಟ್ ಸಾಕೆ ಎಂಬ ಚರ್ಚೆ ಈಗಷ್ಟೇ ಶುರುವಾಗಿದೆ.